ಬರಿಯ ರಂಗದಲ್ಲಿ ದೃಶ್ಯಸೃಷ್ಟಿ

ಹೊಳೆಗೆ ಬಂದ ಮಹಾಪೂರವನ್ನು ಊರ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತು ಬಣ್ಣಿಸುವಾಗ, "ನೀರು ಇಲ್ಲಿಯವರೆಗೆ ಏರಿತ್ತು" ಎಂದು ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿಯುತ್ತಾರೆ. ಕೇಳುವವರ ದೃಷ್ಟಿ ಆ ಕೈಯಲ್ಲಿಯೇ ನಿಲ್ಲುವುದಿಲ್ಲ. ಅದರ ಕೆಳಗೆ ಹರಿಯುವ ಕೆನ್ನೀರನ್ನು ಕಾಣುತ್ತದೆ. ಇಲ್ಲದುದನ್ನು ಕಣ್ಣೆದುರು ನಿಲ್ಲಿಸುವ ಶಕ್ತಿಯು ದಿನಬಳಕೆಯ ಮಾತು ಮತ್ತು ಅಂಗಚೇಷ್ಟೆಗಳಲ್ಲಿಯೇ ಅಡಗಿದೆ. ನಾಟ್ಯಕಲೆಯು ಅದನ್ನು ಶಾಸ್ತ್ರಬದ್ಧಗೊಳಿಸಿತು.

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಲೋಕದ ಸಹಜ ನಡೆನುಡಿಗಳನ್ನು ಅನುಸರಿಸುವುದು ಲೋಕಧರ್ಮಿ. ರಂಗದ ಸಂಕೇತಗಳನ್ನು ಅವಲಂಬಿಸುವುದು ನಾಟ್ಯಧರ್ಮಿ. ಪಾತ್ರಧಾರಿಯು ರಂಗವನ್ನು ಒಮ್ಮೆ ಸುತ್ತಿ ಬಂದರೆ ಬೇರೊಂದು ಸ್ಥಳವನ್ನು ಸೇರಿದನೆಂದು ಪ್ರೇಕ್ಷಕರು ಭಾವಿಸುತ್ತಾರೆ. ರಂಗವನ್ನು ಹೀಗೆ ಬೇರೆ ಬೇರೆ ಸ್ಥಳಗಳಾಗಿ ಕಲ್ಪಿಸಿಕೊಳ್ಳುವ ಏರ್ಪಾಡಿಗೆ ಕಕ್ಷ್ಯಾವಿಭಾಗವೆಂದು ಹೆಸರು.

ಕಾಳಿದಾಸನ ಶಾಕುಂತಲದ ಮೊದಲ ಅಂಕವು ಇದಕ್ಕೆ ಉಜ್ವಲ ನಿದರ್ಶನ. ದುಷ್ಯಂತನು ರಥವೇರಿ ಜಿಂಕೆಯ ಬೆನ್ನಟ್ಟಿ ಬರುತ್ತಾನೆ. ರಥದ ವೇಗವನ್ನೂ ಜಿಂಕೆಯ ಓಟವನ್ನೂ ತೋರಿಸುವುದು ನಟರ ಅಭಿನಯ ಮತ್ತು ಅರಸನ ವರ್ಣನೆ. ಮುಂದೆ ಶಕುಂತಲೆ ಗಿಡಗಳಿಗೆ ನೀರೆರೆಯುವುದೂ ಅಭಿನಯದಿಂದಲೇ. ಈ ನಾಟಕವನ್ನು ಕನ್ನಡಕ್ಕೆ ತಂದವರು 'ಅಭಿನವ ಕಾಳಿದಾಸ'ರೆನಿಸಿದ ಬಸವಪ್ಪ ಶಾಸ್ತ್ರಿಗಳು (1843-1891).

ಕರಾವಳಿಯ ತಾಳಮದ್ದಳೆಯು ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದೊಡನೆ, ಕುಳಿತಲ್ಲಿಯೇ ಅರ್ಥಧಾರಿಯು ಆಶುವಾಗಿ ಮಾತು ಬೆಳೆಸುತ್ತಾನೆ. ಆ ಮಾತಿನಲ್ಲಿಯೇ ಲಂಕೆಯೂ ಕುರುಕ್ಷೇತ್ರವೂ ಮೈದಳೆಯುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಈ ಕಲೆಯಲ್ಲಿ ನಾಡಿಗೆ ಪರಿಚಿತರಾದ ಅರ್ಥಧಾರಿಗಳು.

ಆದರೆ ಇಂತಹ ಸೃಷ್ಟಿಗೆ ಒಂದು ಕಟ್ಟುಪಾಡುಂಟು: ನಟನು ತಾನು ಮೊದಲು ಕಾಣದುದನ್ನು ಪ್ರೇಕ್ಷಕನಿಗೆ ಕಾಣಿಸಲಾರನು. ಬಾವಿಯಿಂದ ನೀರು ಸೇದುವ ಅಭಿನಯವನ್ನೇ ನೋಡಬಹುದು. ಬರಿಗೊಡ ಇಳಿಯುವಾಗ ಹಗ್ಗವು ಕೈಯಲ್ಲಿ ಸಡಿಲವಾಗಿ ಜಾರಬೇಕು. ತುಂಬಿದ ಕೊಡ ಏರುವಾಗ ತೋಳು ಬಿಗಿದು, ಉಸಿರು ಭಾರವಾಗಬೇಕು. ಸೇದಿದವನು ಮರೆತು ಬಾವಿಯಿದ್ದ ಜಾಗದ ಮೇಲೆಯೇ ನಡೆದುಹೋದರೆ ಬಾವಿಯೂ ಇಲ್ಲ, ನೀರೂ ಇಲ್ಲ. ಹರಿದ ಪರದೆಯನ್ನು ಹೊಲಿಯಬಹುದು. ಮುರಿದ ನಂಬಿಕೆಯನ್ನು ಆ ರಾತ್ರಿ ಮತ್ತೆ ಕೂಡಿಸುವುದು ಕಷ್ಟ.

ನುಡಿದಂತೆ ನಡೆಯಬೇಕೆಂಬುದು ಶಿವಶರಣರ ಜೀವನತತ್ತ್ವ. ರಂಗದ ಮೇಲೂ ನುಡಿ ಕಟ್ಟಿದ ಲೋಕವನ್ನು ನಡೆ ಕಾಯಬೇಕು. ಪರದೆಗಳಿಗೆ ಹಣವಿಲ್ಲದ ಶಾಲೆಗೂ ಈ ಕಲೆ ಎಟಕುವಂತಹುದು. ಅದಕ್ಕೆ ಬೇಕಾದ ಬಂಡವಾಳ ಸೂಕ್ಷ್ಮಾವಲೋಕನ ಒಂದೇ. ನೀರು ಸೇದುವವರ, ಬಿತ್ತುವವರ, ಬುತ್ತಿ ಹೊತ್ತು ನಡೆಯುವವರ ಕೈಕಾಲುಗಳನ್ನು ವಿದ್ಯಾರ್ಥಿಗಳು ಮೊದಲು ಚೆನ್ನಾಗಿ ನೋಡಲಿ; ಅಭಿನಯ ಆಮೇಲೆ.