ಕೃತಕ ಶ್ರವಣ ಮತ್ತು ಲಸಿಕೆಯ ಕಾವಲು

ಹುಟ್ಟುಕಿವುಡಾದ ಮಗುವಿಗೂ ಮಾತು ಕೇಳಿಸುವಂತೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಉಪಕರಣದ ಹೆಸರನ್ನು ವಾಚಕರು ಕೇಳಿರಬಹುದು. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯ ಎಂಬ ಅಂಗವಿದೆ. ಶಬ್ದದ ಕಂಪನಗಳನ್ನು ನರಸಂಜ್ಞೆಗಳಾಗಿ ಮಾರ್ಪಡಿಸುವ ರೋಮಕೋಶಗಳು ಇರುವುದು ಇಲ್ಲಿಯೇ. ಅವು ಕೆಟ್ಟಿದ್ದರೆ, ವಿದ್ಯುದ್ವಾರಗಳ ಸಣ್ಣ ಸರವೊಂದನ್ನು ಸುರುಳಿಯೊಳಕ್ಕೆ ತೂರಿಸಿ, ಶ್ರವಣನರವನ್ನು ನೇರವಾಗಿ ಪ್ರಚೋದಿಸುತ್ತಾರೆ.

ಈ ಸರವು ಮಧ್ಯಕಿವಿಯನ್ನು ಹಾದು ಒಳಗಿವಿಯನ್ನು ಸೇರಬೇಕು. ತೊಡಕು ಇರುವುದು ಈ ದಾರಿಯಲ್ಲಿ. ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳವಿದೆ. ಆ ಭಾಗದಲ್ಲಿ ನ್ಯೂಮೊಕಾಕಸ್ ಎಂಬ ಬ್ಯಾಕ್ಟೀರಿಯ ಆರೋಗ್ಯವಂತ ಮಕ್ಕಳಲ್ಲಿಯೂ ಸದ್ದಿಲ್ಲದೆ ವಾಸಿಸುವುದುಂಟು. ಒಳಗಿವಿಯಾದರೋ ಮಿದುಳಿನ ಪೊರೆಗಳ ನೆರೆಯಲ್ಲಿದೆ. ಹೀಗಿರಲು, ಮಧ್ಯಕಿವಿಯ ಸೋಂಕು ಸರದ ಜಾಡು ಹಿಡಿದು ಒಳಸಾಗಿದರೆ ಮೆನಿಂಜೈಟಿಸ್, ಅಂದರೆ ಮಿದುಳುಪೊರೆಯ ಉರಿಯೂತ, ತಲೆದೋರಬಹುದು. ಎಷ್ಟೋ ಮಕ್ಕಳನ್ನು ಕಿವುಡರನ್ನಾಗಿಸುವ ರೋಗವೂ ಇದೇ ಎಂಬುದು ವಿಪರ್ಯಾಸ.

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ 1997ರಿಂದ 2002ರವರೆಗೆ, ಆರು ವರ್ಷ ತುಂಬುವ ಮೊದಲೇ ಈ ಶಸ್ತ್ರಚಿಕಿತ್ಸೆ ಪಡೆದ 4,264 ಮಕ್ಕಳ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅವರಲ್ಲಿ 26 ಮಕ್ಕಳಿಗೆ ಬ್ಯಾಕ್ಟೀರಿಯದಿಂದ ಮೆನಿಂಜೈಟಿಸ್ ತಗಲಿತ್ತು. ನ್ಯೂಮೊಕಾಕಸ್ಸಿನಿಂದ ಬಂದ ಮೆನಿಂಜೈಟಿಸ್ ಅದೇ ವಯಸ್ಸಿನ ಇತರ ಮಕ್ಕಳಲ್ಲಿ ಇರುವುದಕ್ಕಿಂತ 30 ಮಡಿಗೂ ಹೆಚ್ಚಾಗಿತ್ತು. ಒಂದು ಮಾದರಿಯಲ್ಲಿ ಸರವನ್ನು ಒತ್ತಿಹಿಡಿಯಲು ಸೇರಿಸುತ್ತಿದ್ದ ಬೆಣೆಯ ಮೇಲೆ ಹೆಚ್ಚಿನ ದೋಷ ಬಿದ್ದಿತು. ಅದನ್ನು 2002ರಲ್ಲಿಯೇ ಹಿಂತೆಗೆದುಕೊಂಡಿದ್ದರು. ಆದರೆ ಬೆಣೆಯಿಲ್ಲದ ಮಕ್ಕಳಿಗೂ ಅಪಾಯ ತಪ್ಪಿರಲಿಲ್ಲ.

ಆದುದರಿಂದ ಲಸಿಕೆ ಬೇಕು. ಅದೂ ಎರಡು ಬಗೆಯದು. ಏಕೆ? ನ್ಯೂಮೊಕಾಕಸ್ ಶರ್ಕರದ ಜಾತಿಯ ಕವಚವೊಂದನ್ನು ಧರಿಸಿರುತ್ತದೆ. ಈ ಶರ್ಕರವನ್ನಷ್ಟೇ ಚುಚ್ಚಿದರೆ ಎರಡು ವರ್ಷದೊಳಗಿನ ಶಿಶುವಿನ ದೇಹವು ಅದನ್ನು ಸರಿಯಾಗಿ ಲಕ್ಷಿಸುವುದೇ ಇಲ್ಲ. ಅದನ್ನು ಪ್ರೋಟೀನಿಗೆ ಬೆಸೆದು ಕೊಟ್ಟರೆ ಎಚ್ಚೆತ್ತು ಪ್ರತಿಕಾಯಗಳನ್ನು ನಿರ್ಮಿಸುತ್ತದೆ. ಇದು ಸಂಯುಕ್ತ ಲಸಿಕೆ. ಕವಚದಲ್ಲಿ ಬಗೆಗಳು ಹಲವಾರು. ಬೆಸೆಯಲು ಸಾಧ್ಯವಾದವು ಕೆಲವು ಮಾತ್ರ. ಉಳಿದವುಗಳಲ್ಲಿ ಕೆಲವಕ್ಕಾಗಿ, ಎರಡು ವರ್ಷ ತುಂಬಿದ ಮೇಲೆ, ಕನಿಷ್ಠ 8 ವಾರಗಳ ಅಂತರದಲ್ಲಿ, 23 ಬಗೆಗಳನ್ನೊಳಗೊಂಡ ಬರಿಯ ಶರ್ಕರದ ಲಸಿಕೆಯನ್ನು ಕೊಡುತ್ತಾರೆ. (20 ಬಗೆಗಳ ಹೊಸ ಸಂಯುಕ್ತ ಲಸಿಕೆ ಪಡೆದ ಮಕ್ಕಳಿಗೆ ಅಮೆರಿಕದಲ್ಲಿ ಇದನ್ನು ಒತ್ತಾಯಿಸುವುದಿಲ್ಲ.) ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆಯಾದರೂ ಲಸಿಕೆ ಮುಗಿದಿರಬೇಕು.

ನಿಯಮವೇನೋ ಸ್ಪಷ್ಟವಾಗಿದೆ, ಪಾಲನೆ ಹಾಗಿಲ್ಲ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು, ಉಪಕರಣ ಧರಿಸಿದ್ದ 9 ಮತ್ತು 11 ವರ್ಷದ ಇಬ್ಬರು ಮಕ್ಕಳು ಈ ಮೆನಿಂಜೈಟಿಸ್‌ನಿಂದ ಮೃತಪಟ್ಟುದನ್ನು ತಿಳಿಸಿತು. ಇಬ್ಬರಿಗೂ ಲಸಿಕೆ ಪೂರ್ಣವಾಗಿರಲಿಲ್ಲ. ಶಿಶುವಾಗಿದ್ದಾಗ ಹಾಕಿದ ಲಸಿಕೆಯನ್ನೇ ಸಾಕೆಂದು ತಾಯಿತಂದೆಗಳು ಎಣಿಸುವುದು ಸಹಜ. ಶಸ್ತ್ರವೈದ್ಯರು ಮಕ್ಕಳ ವೈದ್ಯರನ್ನು, ಅವರು ಇವರನ್ನು ನಂಬಿ ಸುಮ್ಮನಾಗುವುದೂ ಸುಲಭ.

ನಮ್ಮ ದೇಶದಲ್ಲಿ ಸಂಯುಕ್ತ ಲಸಿಕೆಯು 2021ರಲ್ಲಿ ಎಲ್ಲ ರಾಜ್ಯಗಳ ಸಾರ್ವತ್ರಿಕ ಕಾರ್ಯಕ್ರಮಕ್ಕೆ ವಿಸ್ತರಿಸಿತು. 6 ವಾರ, 14 ವಾರ ಮತ್ತು 9 ತಿಂಗಳಿಗೆ ಅದನ್ನು ಉಚಿತವಾಗಿ ಕೊಡುತ್ತಾರೆ. 23 ಬಗೆಗಳ ಲಸಿಕೆ ಆ ಪಟ್ಟಿಯಲ್ಲಿಲ್ಲ. ಇಂಪ್ಲಾಂಟ್ ಪಡೆಯಲಿರುವ ಮಗುವಿನ ಮನೆಯವರು ಅದನ್ನು ವೈದ್ಯರಲ್ಲಿ ತಾವಾಗಿಯೇ ಕೇಳಿ ಹಾಕಿಸಬೇಕಾಗುತ್ತದೆ.