ಕಳ್ಳಿ ನೆಡಿರಿ, ಕಣ್ಣು ಕಾಯ್ದುಕೊಳ್ಳಿರಿ



2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದದ್ದನ್ನು ಶಿರೂರ ಅನಂತಪಾಳದ ಸೀಮೆಯವರು ಮರೆತಿಲ್ಲ. ಇಂಥ ನಾಡಿನ ಹೊಲಕ್ಕೆ ನೀರು ಕೇಳದ ಬೇಲಿ ಬೇಕು. ಕಡ್ಡಿಗಳ್ಳಿ ಅಂಥದು. ಮರಾಠಿಯಲ್ಲಿ ಇದಕ್ಕೆ ಶೇರ ಎನ್ನುತ್ತಾರೆ. ಆಫ್ರಿಕಾ ಮೂಲದ ಈ ಗಿಡ ಮರದಷ್ಟು ಬೆಳೆಯುತ್ತದೆ. ಹಾಲಿನ ಖಾರಕ್ಕೆ ಆಡು ಸಹ ಬಾಯಿ ಹಾಕುವುದಿಲ್ಲ.

ಹಳೆಯ ಮರವೊಂದಿದ್ದರೆ ಬೇಲಿಗೆ ಬೇಕಾದಷ್ಟು ಸಸಿ ಮಾಡಬಹುದು. ಆದರೆ ಅನೇಕರು ಕೊಂಬೆ ಕಡಿದ ದಿನವೇ ನೆಟ್ಟು, ಬಿಸಿಲಿಗೆ ಹೆದರಿ ಕೊಡಗಟ್ಟಲೆ ನೀರು ಹಾಕುತ್ತಾರೆ. ಅದು ಒಣಗಿ ಸಾಯುವುದಿಲ್ಲ, ಕೊಳೆತು ಸಾಯುತ್ತದೆ. ನಾನೂ ಹೀಗೆ ಒಂದು ಸಾಲು ಕಳೆದುಕೊಂಡವನೇ.

ಫೆಬ್ರುವರಿ, ಮಾರ್ಚಿನಲ್ಲಿ ಹೆಬ್ಬೆರಳಿನಷ್ಟು ದಪ್ಪ, ಮೊಳದುದ್ದದ ಬಲಿತ ಕೊಂಬೆಗಳನ್ನು ಹರಿತ ಕುಡುಗೋಲಿನಿಂದ ಕೊಯ್ಯಿರಿ. ಕೊಯ್ದ ತುದಿಯನ್ನು ತಣ್ಣೀರಿನಲ್ಲಿ ಅದ್ದಿದರೆ ಹಾಲು ನಿಲ್ಲುತ್ತದೆ. ಬಳಿಕ ಗಾಳಿಯಾಡುವ ನೆರಳಿನಲ್ಲಿ ಒಂದೆರಡು ವಾರ ಹಾಗೇ ಇಡಿರಿ. ಗಾಯದ ಮೇಲೆ ಗಟ್ಟಿ ಪೊರೆ ಕಟ್ಟಬೇಕು. ಅದೇ ಕೊಳೆ ಒಳಹೋಗದಂತೆ ತಡೆಯುವ ಬಾಗಿಲು. ಅಲ್ಲಿಯವರೆಗೆ ಕೊಂಬೆ ತನ್ನೊಳಗಿನ ನೀರಿನಲ್ಲೇ ಬದುಕುತ್ತದೆ.

ನಮ್ಮ ಎರೆ ಮಣ್ಣು ನೀರು ಹಿಡಿದಿಡುತ್ತದೆ. ಆದ್ದರಿಂದ ಬದುವಿನ ಮೇಲೆ ಗರಸು, ಮರಳು ಬೆರೆಸಿ ಏರು ಮಾಡಿ, ಬುಡದ ತುದಿ ಕೆಳಗಾಗಿ ನಾಲ್ಕು ಬೆರಳು ಆಳಕ್ಕೆ, ಅಡಿಗೊಂದರಂತೆ ನೆಡಿರಿ. ವಾರದ ನಂತರ ಸ್ವಲ್ಪ ನೀರು. ಮಣ್ಣು ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ. ಬೇರು ಹಿಡಿಯುವವರೆಗೆ ಮಧ್ಯಾಹ್ನದ ಬಿಸಿಲಿಗೆ ತೊಗರಿ ಕಟ್ಟಿಗೆಯ ಮರೆ ಸಾಕು.

ಈಗ ಮುಖ್ಯ ಮಾತು. ಈ ಹಾಲು ಕಣ್ಣಿಗೆ ಬಹಳ ಕೆಟ್ಟದ್ದು. ಮೊದಲು ಬರಿ ಉರಿ ಅನಿಸಿ, ಕೆಲವು ತಾಸಿನ ಮೇಲೆ ನೋವು ಏರಿ ದೃಷ್ಟಿ ಮಂಜಾಗಬಹುದು. ಆದ್ದರಿಂದ ಕೈಚೀಲ, ಕನ್ನಡಕ ಹಾಕಿಕೊಂಡೇ ಕೊಯ್ಯಿರಿ, ತಲೆಯ ಮೇಲಿನ ಕೊಂಬೆಗೆ ಕೈ ಎತ್ತಬೇಡಿರಿ, ಮಕ್ಕಳನ್ನು ದೂರವಿಡಿರಿ. ಹಾಲು ಸಿಡಿದರೆ ಕಣ್ಣು ಉಜ್ಜದೆ, ರೆಪ್ಪೆ ಬಿಡಿಸಿ ಕನಿಷ್ಠ ಕಾಲು ತಾಸು ಶುದ್ಧ ನೀರು ಹರಿಸಿ ತೊಳೆಯಿರಿ. ಎದೆಹಾಲು, ತುಪ್ಪ, ಹರಳೆಣ್ಣೆ ಹಾಕಬೇಡಿರಿ. ಉರಿ ಇಳಿದಿದ್ದರೂ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ, ಯಾವ ಗಿಡದ ಹಾಲೆಂದು ಹೇಳಿರಿ. ಬೇಗ ಹೋದವರ ಕಣ್ಣು ಸಾಮಾನ್ಯವಾಗಿ ವಾರ, ಎರಡು ವಾರಗಳಲ್ಲಿ ಸುಧಾರಿಸುತ್ತದೆ.

ಮತ್ತೊಂದು: ಇದರ ಹಾಲಿನಿಂದ ಮೀನುಗಳು ಸಾಯುತ್ತವೆ. ಬಾವಿ, ಕೆರೆಯ ದಂಡೆಯಲ್ಲಿ ನೆಡುವುದು ಬೇಡ.