ಎಲ್ಲರ ಸರ್ವರ್, ಯಾರ ಕೈಯಲ್ಲಿ ಕೀಲಿ?

ಮುಕ್ತ ತಂತ್ರಾಂಶ ಎಂದಾಗ ಜನರ ಕಣ್ಣಿಗೆ ಬೀಳುವುದು ಕೋಡ್ ಮತ್ತು ಅದನ್ನು ಬರೆದವರು. ಆ ಕೋಡ್ ಕೂತಿರುವ ಗಿಟ್ ಸರ್ವರ್, ಬಿಡುಗಡೆಯ ಫೈಲುಗಳನ್ನು ಹಂಚುವ ಯಂತ್ರ, ಅನುವಾದಕರು ಕೆಲಸ ಮಾಡುವ ತಾಣ, ಡೊಮೇನ್ ಹೆಸರು ಇವೆಲ್ಲ ಕೆಟ್ಟ ದಿನ ಮಾತ್ರ ಸುದ್ದಿಯಾಗುತ್ತವೆ. ಸ್ವಯಂಸೇವಕರೇ ನಡೆಸುವ ಒಂದು ಸಮುದಾಯದ ಸರ್ವರ್‌ಗಳನ್ನು ನಾನು ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಕೂತು ನೋಡಿಕೊಳ್ಳುತ್ತಿದ್ದೇನೆ. ಕೆಲವೇ ಯಂತ್ರಗಳು, ಅವುಗಳ ಮೇಲೆ ಹತ್ತಾರು ಸಣ್ಣ ಯೋಜನೆಗಳು. ಕೆಳಗಿನ ಪಾಠಗಳಲ್ಲಿ ಕೆಲವು ನಮ್ಮ ಯಂತ್ರಗಳು ಕಲಿಸಿದವು. ಉಳಿದವು ದೊಡ್ಡ ಸಮುದಾಯಗಳು ತಮಗೆ ಬಿದ್ದ ಪೆಟ್ಟನ್ನು ಮುಚ್ಚಿಡದೆ ಬರೆದಿಟ್ಟ ವರದಿಗಳಿಂದ ಬಂದವು. ಆ ವರದಿಗಳನ್ನು ಬರೆದವರಿಗೆ ನಾನು ಋಣಿ.

1. ಮೊದಲು ಕಾಯಬೇಕಾದ್ದು ಹೆಸರನ್ನು, ಆಮೇಲೆ ಯಂತ್ರವನ್ನು

ಸರ್ವರ್ ಹೋದರೆ ಇನ್ನೊಂದು ಸಿಗುತ್ತದೆ. ಡೊಮೇನ್ ಕೈತಪ್ಪಿದರೆ ಡೌನ್‌ಲೋಡ್ ಕೊಂಡಿ, ಇಮೇಲ್, ಪಾಸ್‌ವರ್ಡ್ ಬದಲಿಸುವ ದಾರಿ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಸಣ್ಣ ಸಮುದಾಯಗಳಲ್ಲಿ ಡೊಮೇನ್ ಸಾಮಾನ್ಯವಾಗಿ ಯಾರೋ ಒಬ್ಬ ಹಳೆಯ ಸದಸ್ಯರ ಸ್ವಂತ ಖಾತೆಯಲ್ಲಿ, ಅವರ ಕಾರ್ಡಿನ ಮೇಲೆ ಇರುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಂದು ಜಾರಿಗೆ ಬಂತು. ವಿದೇಶಿ ಸೇವೆಗಳಿಗೆ ಅಲ್ಲಿಯವರೆಗೆ ಸರಾಗವಾಗಿ ಹೋಗುತ್ತಿದ್ದ ಎಷ್ಟೋ ಪಾವತಿಗಳು ಆಗ ನಿಂತವು. ರಿಜಿಸ್ಟ್ರಾರ್ ಪುಟದಲ್ಲಿ ‘ಆಟೋ ರಿನ್ಯೂ’ ಎಂದು ಬರೆದಿದ್ದರೂ ಬ್ಯಾಂಕ್ ಹಣ ಬಿಡದಿದ್ದರೆ ಆ ಬರಹಕ್ಕೆ ಬೆಲೆಯಿಲ್ಲ. ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಹೆಸರುಗಳು ಅಳಿಸಿಹೋದ ಮೇಲೆ 30 ದಿನಗಳ ಕಾಲ ಹೆಚ್ಚು ದುಡ್ಡು ಕೊಟ್ಟು ಬಿಡಿಸಿಕೊಳ್ಳಲು ಅವಕಾಶವಿದೆ. ಅದಾದ 5 ದಿನಕ್ಕೆ ಅವು ಯಾರ ಕೈಗೆ ಬೇಕಾದರೂ ಹೋಗಬಹುದು.

ಹೆಸರಿನ ಹಿಡಿತ ಎಂಥ ವಿಷಯ ಎಂಬುದು 2021ರ ಮೇ ತಿಂಗಳಲ್ಲಿ ಎಲ್ಲರಿಗೂ ಕಂಡಿತು. ಮುಕ್ತ ತಂತ್ರಾಂಶದವರ ದೊಡ್ಡ ಚಾಟ್ ಜಾಲವಾಗಿದ್ದ ಫ್ರೀನೋಡ್‌ನ ಒಡೆತನದ ಬಗ್ಗೆ ವಿವಾದವೆದ್ದು, ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಸಾಮೂಹಿಕವಾಗಿ ಹೊರಬಂದು ಲಿಬೆರಾ ಚಾಟ್ ಕಟ್ಟಿದರು. ಉಬುಂಟು, ಜೆಂಟೂ, ವಿಕಿಮೀಡಿಯ ಸಮುದಾಯಗಳು ಅತ್ತ ನಡೆದವು. ಜನ, ಅನುಭವ, ದುಡಿಮೆ ಎಲ್ಲವೂ ಸ್ವಯಂಸೇವಕರ ಬಳಿಯೇ ಇದ್ದವು. ಹೆಸರು ಮಾತ್ರ ಇರಲಿಲ್ಲ. ನಮ್ಮ ಡೊಮೇನ್ ಈಗ ನೋಂದಾಯಿತ ಸಂಸ್ಥೆಯ ಖಾತೆಯಲ್ಲಿದೆ, ಹಲವು ವರ್ಷಗಳ ಶುಲ್ಕ ಮುಂಗಡವಾಗಿ ಕಟ್ಟಿದ್ದೇವೆ, ಆ ಖಾತೆಗೆ ಇಬ್ಬರು ಪ್ರವೇಶಿಸಬಲ್ಲರು.

2. ಮರಳಿ ತಂದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ

ಈ ಪಾಠಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಸಮುದಾಯಗಳು ಕಳೆದುಹೋಗುವುದು ಇಲ್ಲೇ.

2013ರ ಮಾರ್ಚ್‌ನಲ್ಲಿ ಕೆಡಿಇ ಸಮುದಾಯದ ಗಿಟ್ ಸರ್ವರ್‌ನ ಫೈಲ್ ವ್ಯವಸ್ಥೆ ಕೆಟ್ಟಿತು. ಅಲ್ಲಿ ಸುಮಾರು 1,500 ರೆಪೊಸಿಟರಿಗಳಿದ್ದವು. ಜಗತ್ತಿನ ಬೇರೆ ಬೇರೆ ಕಡೆ ಮಿರರ್‌ಗಳಿದ್ದವಲ್ಲ, ಭಯವೇನು ಎಂದು ಅನ್ನಿಸಬಹುದು. ಆದರೆ ಮಿರರ್‌ಗಳು ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿದವು, ಮೂಲ ಹಾಳಾದಾಗ ಹಾಳಾದದ್ದನ್ನೇ ನಕಲು ಮಾಡಿದವು. ಕೊನೆಗೆ ಒಂದು ಯಂತ್ರದಲ್ಲಿ ಉಳಿದಿದ್ದ ಸರಿಯಾದ ಪ್ರತಿಯಿಂದ ಎಲ್ಲವನ್ನೂ ಮತ್ತೆ ಕಟ್ಟಿದರು. ಕೋಡ್ ಎಷ್ಟೋ ಡೆವಲಪರ್‌ಗಳ ಲ್ಯಾಪ್‌ಟಾಪಿನಲ್ಲೂ ಇರುತ್ತದೆ ನಿಜ, ಆದರೆ ಅವನ್ನೆಲ್ಲ ಹುಡುಕಿ ಹೆಕ್ಕಿ ಒಂದುಗೂಡಿಸುವ ಶ್ರಮವನ್ನು ಊಹಿಸಿ ನೋಡಿ. ನಕಲು ಎಷ್ಟು ಚುರುಕಾಗಿದ್ದರೆ ತಪ್ಪು ಹರಡುವುದೂ ಅಷ್ಟೇ ಚುರುಕು.

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಡಾಟ್ ಕಾಮ್‌ನಲ್ಲಿ ಆದದ್ದು ಇನ್ನೂ ಹೆಚ್ಚು ಕಲಿಸುತ್ತದೆ. ಬೇರೆ ಯಂತ್ರ ಎಂದುಕೊಂಡು ಮುಖ್ಯ ಡೇಟಾಬೇಸಿನ ಫೈಲುಗಳನ್ನೇ ಅಳಿಸಲಾಯಿತು. ಬ್ಯಾಕಪ್ ಹುಡುಕಿದರೆ ಅದು ಇರಬೇಕಾದ ಜಾಗ ಖಾಲಿ. ಪ್ರತಿದಿನ ಓಡುತ್ತಿದ್ದ ಬ್ಯಾಕಪ್ ಪ್ರೋಗ್ರಾಮ್ ಹಳೆಯ ಆವೃತ್ತಿಯದ್ದಾಗಿ, ಹೊಸ ಆವೃತ್ತಿಯ ಪೋಸ್ಟ್‌ಗ್ರೆಸ್ ಜೊತೆ ಹೊಂದದೆ ಪ್ರತಿ ಸಲವೂ ಸೋಲುತ್ತಿತ್ತು. ಸೋತಿದ್ದೇನೆ ಎಂದು ಅದು ಇಮೇಲ್ ಕಳಿಸುತ್ತಲೂ ಇತ್ತು. ಆ ಇಮೇಲ್‌ಗೆ ಸರಿಯಾದ ಸಹಿ ಇಲ್ಲವೆಂದು ಸ್ವೀಕರಿಸುವ ಸರ್ವರ್ ಅದನ್ನು ತಳ್ಳಿಹಾಕುತ್ತಿತ್ತು. ಬೇರೆ ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ಯಾರೋ ತೆಗೆದಿದ್ದ ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ನಡುವಿನ 6 ಗಂಟೆಗಳ ದಾಖಲೆಗಳು ಹೋದವು. ಕಂಪನಿ ಇಡೀ ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ಅಂಥ ಧೈರ್ಯ ಅಪರೂಪ.

ಇವುಗಳಿಂದ ನಾವು ಮೂರು ರೂಢಿ ಮಾಡಿಕೊಂಡೆವು. ಸೋತಾಗ ಸುದ್ದಿ ಕೊಡು ಎಂದು ಬ್ಯಾಕಪ್‌ಗೆ ಹೇಳುವುದಿಲ್ಲ. ಗೆದ್ದಾಗ ಕೊಡು ಎನ್ನುತ್ತೇವೆ, ಬೆಳಗಿನೊಳಗೆ ಗೆದ್ದ ಸುದ್ದಿ ಬರದಿದ್ದರೆ ಬೇರೊಂದು ಯಂತ್ರ ನಮ್ಮನ್ನು ಎಬ್ಬಿಸುತ್ತದೆ. ಎರಡನೆಯದು, ಮುಖ್ಯ ಸರ್ವರ್ ಬ್ಯಾಕಪ್ಪನ್ನು ಕಳಿಸುವುದಿಲ್ಲ. ಬ್ಯಾಕಪ್ ಯಂತ್ರವೇ ಬಂದು ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮುಖ್ಯ ಸರ್ವರಿಗೆ ನುಗ್ಗಿದವನಿಗೆ ಹಳೆಯ ಪ್ರತಿಗಳನ್ನು ಅಳಿಸಲಾಗದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರದ ಮೇಲೆ ಒಂದು ಯೋಜನೆಯನ್ನು ಬ್ಯಾಕಪ್‌ನಿಂದ ಎಬ್ಬಿಸಿ ನಿಲ್ಲಿಸಬೇಕು. ಅದನ್ನು ಮಾಡುವವರು ಬ್ಯಾಕಪ್ ಹೊಂದಿಸಿದವರಾಗಿರಬಾರದು.

3. ಎಲ್ಲರಿಗೂ ಶೆಲ್ ಬೇಡ

2011ರ ಆಗಸ್ಟ್‌ನಲ್ಲಿ ಲಿನಕ್ಸ್ ಕರ್ನಲ್‌ನ ಮನೆಯಾದ ಕರ್ನಲ್ ಡಾಟ್ ಆರ್ಗ್‌ಗೆ ಯಾರೋ ನುಗ್ಗಿರುವುದು ಪತ್ತೆಯಾಯಿತು. ಆಗ ಅಲ್ಲಿ 448 ಬಳಕೆದಾರರಿದ್ದರು. ಗಿಟ್‌ನಲ್ಲಿ ಪ್ರತಿ ಬದಲಾವಣೆಯೂ ಹಿಂದಿನದರ ಹ್ಯಾಶ್‌ಗೆ ಕಟ್ಟಿಕೊಂಡಿರುವುದರಿಂದ ಇತಿಹಾಸವನ್ನು ಯಾರಿಗೂ ಗೊತ್ತಾಗದಂತೆ ತಿದ್ದುವುದು ಕಷ್ಟ. ಆದರೂ ಇಡೀ ತಾಣವನ್ನು ಇಳಿಸಿ, ಹೊಸದಾಗಿ ಕಟ್ಟಿ, ಸದಸ್ಯರು ಒಬ್ಬರನ್ನೊಬ್ಬರು ಭೇಟಿಯಾಗಿ ಪರಸ್ಪರರ ಕೀಲಿಗೆ ಸಹಿ ಹಾಕುವ ಪದ್ಧತಿ ತಂದು ಮೇಲೇಳಲು ವಾರಗಳು ಹಿಡಿದವು. ಮರಳಿ ಬಂದಾಗ ಡೆವಲಪರ್‌ಗಳಿಗೆ ಶೆಲ್, ಅಂದರೆ ಸರ್ವರ್‌ನೊಳಗೆ ಹೋಗಿ ನೇರವಾಗಿ ಆಜ್ಞೆ ಕೊಡುವ ದಾರಿ, ಇರಲಿಲ್ಲ, ಗಿಟ್ ಪುಶ್ ಮಾಡುವಷ್ಟು ದಾರಿ ಮಾತ್ರ ಇತ್ತು.

ಸದಸ್ಯರಿಗೆ ಬೇಕಿರುವುದು ಫೈಲ್ ಪ್ರಕಟಿಸುವುದು, ಲಾಗ್ ನೋಡುವುದು, ತಮ್ಮ ಸೇವೆಯನ್ನು ರಿಸ್ಟಾರ್ಟ್ ಮಾಡುವುದು. ಆ ಮೂರಕ್ಕೂ ಶೆಲ್ ಇಲ್ಲದೆಯೇ ದಾರಿ ಮಾಡಿಕೊಡಬಹುದು. ‘ನನ್ನ ಮೇಲೆ ನಂಬಿಕೆ ಇಲ್ಲವೇ?’ ಎಂದು ಕೇಳುವವರಿಗೆ ನಾನು ನಿಜವನ್ನೇ ಹೇಳುತ್ತೇನೆ: ನಿಮ್ಮ ಮೇಲೆ ಪೂರ್ಣ ನಂಬಿಕೆ ಇದೆ, ಆದರೆ ನಿಮ್ಮ ಕೀಲಿ ಇರುವ ಲ್ಯಾಪ್‌ಟಾಪ್ ಎಲ್ಲೆಲ್ಲಿ ಹೋಗಿ ಬಂದಿದೆ ಎಂಬುದು ನನಗೆ ಗೊತ್ತಿಲ್ಲ. ಸಮುದಾಯ ಬಿಟ್ಟು ಹೋಗುವವರ ಕೀಲಿಯನ್ನು ಅದೇ ದಿನ ತೆಗೆಯಬೇಕು. ಕೃತಜ್ಞತೆಯ ಪಟ್ಟಿಯಲ್ಲಿ ಅವರ ಹೆಸರು ಶಾಶ್ವತವಾಗಿರಬೇಕು.

4. ಡಿಸ್ಕ್ ಖಾಲಿ ಇದ್ದರೂ ‘ಜಾಗವಿಲ್ಲ’ ಎನ್ನಬಹುದು

ಹಂಚಿಕೊಂಡ ಯಂತ್ರದಲ್ಲಿ ಅಡ್ಮಿನ್ ಎಂದರೆ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಬೇಸಿಗೆ ಬರುವ ಮೊದಲೇ ಎಲ್ಲರೆದುರು ಹೇಳಿಬಿಟ್ಟಿರಬೇಕು. ನಮ್ಮಲ್ಲಿ ಒಮ್ಮೆ ಎಲ್ಲ ಯೋಜನೆಗಳೂ ಒಟ್ಟಿಗೆ ನಿಂತವು. ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿತ್ತು, ಆದರೆ ಪ್ರತಿ ಫೈಲಿಗೂ ಒಂದೊಂದು ಬೇಕಾಗುವ ಇನೋಡ್‌ಗಳು ಮುಗಿದಿದ್ದವು. ಒಂದು ಪಿಎಚ್‌ಪಿ ತಾಣ ಪ್ರತಿ ಭೇಟಿಗೂ ಒಂದು ಪುಟ್ಟ ಸೆಷನ್ ಫೈಲ್ ಹುಟ್ಟಿಸುತ್ತಾ, ಅಳಿಸದೆ ಬಿಡುತ್ತಾ ಬಂದಿತ್ತು. ಬೈಟುಗಳ ಲೆಕ್ಕ ಮಾತ್ರ ನೋಡುವ ಮಾನಿಟರಿಂಗ್‌ಗೆ ಅದು ಕಾಣುವುದಿಲ್ಲ. ಈಗ ಪ್ರತಿ ಯೋಜನೆಗೂ ಬೇರೆ ಬಳಕೆದಾರ, ಬೇರೆ ಪಿಎಚ್‌ಪಿ ಪೂಲ್, ಜಾಗ ಮತ್ತು ಇನೋಡ್ ಎರಡಕ್ಕೂ ಕೋಟಾ, ಮೆಮೊರಿಗೆ ಸಿಗ್ರೂಪ್ ಮಿತಿ. ಮಿತಿ ಮುಟ್ಟಿದ ಯೋಜನೆ ತಾನೊಂದೇ ನಿಲ್ಲುತ್ತದೆ, ಪಕ್ಕದವರು ನಡೆಯುತ್ತಾರೆ.

5. ಇಮೇಲ್ ಹೊರಹೋಗುವ ಬಾಗಿಲು ಬೇರೆಯೇ ಇರಲಿ

ಹಲವು ತಾಣಗಳು ಒಂದೇ ಐಪಿ ವಿಳಾಸದಿಂದ ಅಂಚೆ ಕಳಿಸುತ್ತಿದ್ದರೆ, ಯಾವುದೋ ಒಂದು ಹಳೆಯ ಸಂಪರ್ಕ ಫಾರ್ಮ್ ಸ್ಪ್ಯಾಮ್ ಕಳಿಸುವವರ ಕೈಗೆ ಸಿಕ್ಕ ದಿನ ಎಲ್ಲರ ಅಂಚೆಯೂ ಕಪ್ಪುಪಟ್ಟಿಗೆ ಬೀಳುತ್ತದೆ. ಪಟ್ಟಿಯಿಂದ ಹೊರಬರುವುದು ತಾಳ್ಮೆಯ ಕೆಲಸ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ, ಅಂಚೆ ನಿಜವಾಗಿ ಆ ಡೊಮೇನಿನದೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ನಿಯಮಗಳನ್ನು ಬಿಗಿಗೊಳಿಸಿದ ಮೇಲೆ ಅರೆಬರೆ ಹೊಂದಿಸಿದ ಸರ್ವರ್‌ಗಳ ಅಂಚೆ ತಲುಪುವುದೇ ಕಷ್ಟ.

6. ಕ್ರಾಲರ್‌ಗಳ ದಾಳಿಯನ್ನು ಮುಂಚೆಯೇ ಲೆಕ್ಕಕ್ಕೆ ಹಿಡಿಯಿರಿ

ಭಾಷಾ ಮಾದರಿಗಳಿಗಾಗಿ ಪಠ್ಯ ಬಾಚುವ ಬಾಟ್‌ಗಳು ಹೊರಟ ಮೇಲೆ ಗಿಟ್ ಸರ್ವರ್ ನಡೆಸುವವರ ಬದುಕು ಬದಲಾಗಿದೆ. ಒಂದು ರೆಪೊಸಿಟರಿಯಲ್ಲಿ ಸಾವಿರ ಫೈಲು, ಹತ್ತು ಸಾವಿರ ಕಮಿಟ್ ಇದ್ದರೆ ಪ್ರತಿ ಕಮಿಟ್‌ನಲ್ಲೂ ಪ್ರತಿ ಫೈಲಿನ ಇತಿಹಾಸ ತೋರಿಸುವ ಪುಟಗಳಿಗೆ ಕೊನೆಯೇ ಇಲ್ಲ. ಮನುಷ್ಯರು ಅವುಗಳಲ್ಲಿ ಕೆಲವನ್ನು ನೋಡುತ್ತಾರೆ, ಬಾಟ್ ಎಲ್ಲವನ್ನೂ ಕೇಳುತ್ತದೆ. ಪ್ರತಿಯೊಂದಕ್ಕೂ ಸರ್ವರ್ ಇತಿಹಾಸವನ್ನು ಹೊಸದಾಗಿ ಅಗೆಯಬೇಕು. ರೋಬಾಟ್ಸ್ ಫೈಲಿನಲ್ಲಿ ಬೇಡ ಎಂದು ಬರೆದರೂ ಹಲವು ಬಾಟ್‌ಗಳು ಕೇಳುವುದಿಲ್ಲ. ಸಾವಿರಾರು ವಿಳಾಸಗಳಿಂದ, ಸಾಮಾನ್ಯ ಬ್ರೌಸರ್‌ನ ವೇಷದಲ್ಲಿ ಬರುತ್ತವೆ.

2025ರಲ್ಲಿ ಗ್ನೋಮ್ ಸಮುದಾಯ ತನ್ನ ಗಿಟ್‌ಲ್ಯಾಬ್ ಮುಂದೆ ಅನುಬಿಸ್ ಎಂಬ ಮುಕ್ತ ತಂತ್ರಾಂಶವನ್ನು ನಿಲ್ಲಿಸಿತು. ಅದು ಬಂದವರ ಬ್ರೌಸರಿಗೆ ಒಂದು ಸಣ್ಣ ಲೆಕ್ಕ ಕೊಟ್ಟು, ಬಿಡಿಸಿದರೆ ಒಳಗೆ ಬಿಡುತ್ತದೆ. ಎರಡೂವರೆ ಗಂಟೆಯಲ್ಲಿ ಬಂದ ಸುಮಾರು 81,000 ಕೋರಿಕೆಗಳಲ್ಲಿ ಅದನ್ನು ದಾಟಿದ್ದು ಕೇವಲ ಶೇ. 3 ಎಂದು ಅವರು ತಿಳಿಸಿದರು. ನನಗೆ ಇದರಲ್ಲಿ ನೋವಿನ ಸಂಗತಿಯೊಂದಿದೆ. ಹಳೆಯ ಫೋನಿನಿಂದ ಕೋಡ್ ಓದಲು ಬರುವ ಹಳ್ಳಿಯ ವಿದ್ಯಾರ್ಥಿಯೂ ಆ ಲೆಕ್ಕ ಮುಗಿಯುವವರೆಗೆ ಕಾಯಬೇಕಾಗುತ್ತದೆ. ಹೀಗಾಗಿ ನಾವು ಮೊದಲು ಮಾಡಿದ್ದು ಬೇರೆ: ಇತಿಹಾಸ ಅಗೆಯುವ ಭಾರದ ಪುಟಗಳನ್ನು ಲಾಗಿನ್ ಆದವರಿಗೆ ಮಾತ್ರ ಇಟ್ಟು, ಓದುವ ಪುಟಗಳನ್ನು ಸ್ಥಿರ ಎಚ್‌ಟಿಎಂಎಲ್ ಆಗಿ ಕ್ಯಾಶ್‌ನಿಂದ ಕೊಟ್ಟೆವು. ಬೇಕಾದವರು ಇಡೀ ರೆಪೊಸಿಟರಿಯನ್ನೇ ಕ್ಲೋನ್ ಮಾಡಿಕೊಳ್ಳಲು ಈಗಲೂ ಯಾವ ತಡೆಯೂ ಇಲ್ಲ.

7. ದಾನದ ಯಂತ್ರಕ್ಕೂ ಮುಗಿಯುವ ದಿನಾಂಕ ಇರುತ್ತದೆ

ಮೆಸಾ, ವೇಲ್ಯಾಂಡ್‌ನಂಥ ಯೋಜನೆಗಳ ನೆಲೆಯಾದ ಫ್ರೀಡೆಸ್ಕ್‌ಟಾಪ್ ಡಾಟ್ ಆರ್ಗ್‌ಗೆ ಈಕ್ವಿನಿಕ್ಸ್ ಮೆಟಲ್ ವರ್ಷಗಟ್ಟಲೆ ಯಂತ್ರಗಳನ್ನು ಉಚಿತವಾಗಿ ಕೊಟ್ಟಿತ್ತು. ಆ ಸೇವೆಯೇ ಮುಚ್ಚುವ ನಿರ್ಧಾರವಾದಾಗ 2025ರ ಏಪ್ರಿಲ್ ಮುಗಿಯುವುದರೊಳಗೆ ಎಲ್ಲವನ್ನೂ ಬೇರೆಡೆಗೆ ಒಯ್ಯಬೇಕಾಯಿತು. ಅದೇ ಏಪ್ರಿಲ್‌ನಲ್ಲಿ, 2003ರಿಂದ ಎಷ್ಟೋ ಯೋಜನೆಗಳಿಗೆ ಆಸರೆಯಾಗಿದ್ದ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಓಪನ್ ಸೋರ್ಸ್ ಲ್ಯಾಬ್, 2,50,000 ಡಾಲರ್ ಹೊಂದಿಕೆಯಾಗದಿದ್ದರೆ ಮುಚ್ಚಬೇಕಾದೀತು ಎಂದು ಹೇಳಿತು. ಕೊಟ್ಟವರಲ್ಲಿ ತಪ್ಪಿಲ್ಲ. ಅವರು ಕೊಟ್ಟದ್ದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ದಾನವಾಗಿ ಬಂದದ್ದಕ್ಕೂ ಮಾರುಕಟ್ಟೆಯ ದರ ಹಾಕಿ, ನಾಳೆ ನಾವೇ ಕಟ್ಟಬೇಕಾಗಿ ಬಂದರೆ ತಿಂಗಳಿಗೆ ಎಷ್ಟು ರೂಪಾಯಿ ಎಂಬುದನ್ನು ಸಮುದಾಯದ ಲೆಕ್ಕಪತ್ರದಲ್ಲಿ ಬರೆದಿಡಬೇಕು. ಹಣ ಕೇಳುವಾಗ ಆ ಅಂಕಿ ಬೇಕಾಗುತ್ತದೆ. ಬೆಂಗಳೂರಿನ ಜೆರೋಧಾ 2024ರಲ್ಲಿ ಆರಂಭಿಸಿದ ಫ್ಲಾಸ್ ಫಂಡ್, ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ, ಅರ್ಜಿದಾರರಿಂದ ಬಯಸುವುದೂ ತಮ್ಮ ಹಣದ ಅಗತ್ಯವನ್ನು ಸ್ಪಷ್ಟವಾಗಿ ಬರೆದ ಒಂದು ಫೈಲನ್ನು.

8. ಎಲ್ಲವನ್ನೂ ನಾವೇ ನಡೆಸಬೇಕಿಲ್ಲ

ಹೊಸ ಸೇವೆ ಹಾಕಿಕೊಡಿ ಎಂದು ಯಾರಾದರೂ ಕೇಳಿದರೆ, ಮುಂದಿನ ಎರಡು ವರ್ಷ ಇದರ ಅಪ್‌ಡೇಟ್ ಯಾರು ಹಾಕುತ್ತಾರೆ ಎಂದು ಕೇಳುತ್ತೇನೆ. ಹೆಸರು ಬಂದರೆ ಹಾಕಿಕೊಡುತ್ತೇವೆ.

9. ಅಡ್ಮಿನ್ ಇಲ್ಲದ ವಾರ

ವರ್ಷಕ್ಕೊಂದು ವಾರ ನಾನು ಸರ್ವರ್‌ಗಳನ್ನು ಮುಟ್ಟುವುದಿಲ್ಲ. ಆ ವಾರ ಕೀಲಿಗಳು ಇನ್ನಿಬ್ಬರ ಕೈಯಲ್ಲಿ. ಅವರಿಗೆ ಆಸರೆ ನಮ್ಮ ಕೈಪಿಡಿ ಮಾತ್ರ. ಕೈಪಿಡಿಯ ಒಂದು ಪ್ರತಿ ಸರ್ವರ್‌ನ ಹೊರಗಿರುತ್ತದೆ, ಏಕೆಂದರೆ ಸರ್ವರ್ ಬಿದ್ದಾಗಲೇ ಅದು ಬೇಕಾಗುವುದು. ಹೊಸಬರು ಎಲ್ಲಿ ಸಿಕ್ಕಿಹಾಕಿಕೊಂಡರೋ ಆ ಜಾಗಗಳನ್ನು ಅವರೇ ತಮ್ಮ ಮಾತಿನಲ್ಲಿ ಕೈಪಿಡಿಗೆ ಸೇರಿಸುತ್ತಾರೆ. ಯಾವ ಯಂತ್ರವನ್ನು ಮೊದಲು ಏಳಿಸಬೇಕು, ಬ್ಯಾಕಪ್‌ನ ಎನ್‌ಕ್ರಿಪ್ಶನ್ ಕೀಲಿಯ ಎರಡನೆಯ ಪ್ರತಿ ಯಾರ ಬಳಿ ಇದೆ, ಡೇಟಾಸೆಂಟರ್‌ನವರಿಗೆ ಕರೆ ಮಾಡಿದಾಗ ಅವರು ಕೇಳುವ ಗ್ರಾಹಕ ಸಂಖ್ಯೆ ಯಾವುದು, ಇಂಥವೆಲ್ಲ ಆ ಕೈಪಿಡಿಗೆ ಬಂದದ್ದು ಹೀಗೆ. ಈ ವರ್ಷದ ವಾರಕ್ಕೆ ಪೋಸ್ಟ್‌ಗ್ರೆಸ್‌ನ ದೊಡ್ಡ ಅಪ್‌ಗ್ರೇಡನ್ನೇ ಇಟ್ಟಿದ್ದೇವೆ. ಅನುವಾದಕಿಯಾಗಿ ಸಮುದಾಯಕ್ಕೆ ಬಂದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ ಅದನ್ನು ಮಾಡುತ್ತಾರೆ. ಅಭ್ಯಾಸಕ್ಕೆಂದು ಕೊಟ್ಟ ಯಂತ್ರದ ಮೇಲೆ ಈಗಾಗಲೇ ಮಾಡಿ ನೋಡಿದ್ದಾರೆ, ಕೈಪಿಡಿಯ ಅಪ್‌ಗ್ರೇಡ್ ಅಧ್ಯಾಯವನ್ನು ಅರ್ಧಕ್ಕಿಂತ ಹೆಚ್ಚು ತಿದ್ದಿ ಬರೆದಿದ್ದಾರೆ.